ಏಗ್ಯೂ ಜೊತೆ ಏಗಿದವರು

ಬೆಳಗಿನ ಕಾಫಿಯ ಜೊತೆ ಇಂಗ್ಲಿಷ್ ಪತ್ರಿಕೆಯ ಪದಬಂಧ ತುಂಬುವ ಚಟ ನನಗೆ ಬಹಳ ವರ್ಷದಿಂದ ಇದೆ. ಈ ಚಟ ಅಂಟಿಸಿಕೊಂಡವರಿಗೆಲ್ಲ ಒಂದು ಪದ ಚೆನ್ನಾಗಿ ಗೊತ್ತು. ಒಟ್ಟು ನಾಲ್ಕು ಅಕ್ಷರ, ಅದರಲ್ಲಿ ಮೂರು ಸ್ವರ. ಸುಳಿವು ‘ನಡುಗಿಸುವ ಜ್ವರ’ ಎಂದೋ ‘ಹಳೆಗಾಲದ ಮಲೇರಿಯಾ’ ಎಂದೋ ಇರುತ್ತದೆ. ಉತ್ತರ: ಏಗ್ಯೂ. ಪದಬಂಧ ಹೆಣೆಯುವವರಿಗೆ ಮೂಲೆ ಮುಚ್ಚಲು ಇಂಥ ಸ್ವರ ತುಂಬಿದ ಪುಟ್ಟ ಪದಗಳು ಬೇಕೇ ಬೇಕು, ಗೋಡೆ ಕಟ್ಟುವವನಿಗೆ ಚಕ್ಕೆಕಲ್ಲು ಬೇಕಾದ ಹಾಗೆ. ಇವತ್ತು ಯಾವ ವೈದ್ಯರೂ ಈ ಪದವನ್ನು ಚೀಟಿಯಲ್ಲಿ ಬರೆಯುವುದಿಲ್ಲ. ಯಾವ ತಾಯಿಯೂ ಮಗುವಿನ ಹಣೆ ಮುಟ್ಟಿ ನೋಡಿ ಈ ಪದ ಹೇಳುವುದಿಲ್ಲ. ಐನೂರು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷಿನವರ ಮೈಮೇಲೆ ಸವಾರಿ ಮಾಡಿದ ಪದಕ್ಕೆ ಈಗ ಪದಬಂಧದ ನಾಲ್ಕು ಚೌಕಗಳೇ ಆಶ್ರಯ.

ಕನ್ನಡ ಲಿಪಿಯಲ್ಲಿ ಬರೆದಾಗ ಅದು ನಮ್ಮ ‘ಏಗು’ ಕ್ರಿಯಾಪದದ ನೆಂಟನ ಹಾಗೆ ಕಾಣುತ್ತದೆ. ‘ಇವನ ಜೊತೆ ಏಗೋಕಾಗಲ್ಲ’ ಅನ್ನುತ್ತೇವಲ್ಲ, ಆ ಏಗು. ಎರಡಕ್ಕೂ ಕಿಂಚಿತ್ತೂ ಸಂಬಂಧವಿಲ್ಲ. ಸದ್ದು ಕೂಡಿದ ಮಾತ್ರಕ್ಕೆ ಬೀಗತನ ಬೆಳೆಸುವವರ ಹಾವಳಿ ಕನ್ನಡದ ಪದಜಿಜ್ಞಾಸೆಯಲ್ಲಿ ಈಗಾಗಲೇ ಸಾಕಷ್ಟಿದೆ, ಅದಕ್ಕೆ ನಾನೂ ಸೇರುವುದು ಬೇಡ. ಆದರೂ ಅಮೆರಿಕದ ಕಾಡು ಕಡಿದು, ಹುಲ್ಲುಗಾವಲು ಉತ್ತು ಮನೆ ಕಟ್ಟಿಕೊಂಡ ಮೊದಲ ವಲಸಿಗರ ಕಥೆ ಓದುವಾಗೆಲ್ಲ ನನಗೆ ಈ ಎರಡು ಪದಗಳೂ ಒಟ್ಟಿಗೇ ನೆನಪಾಗುತ್ತವೆ. ಅವರು ಏಗಿದ್ದು ಏಗ್ಯೂ ಜೊತೆಗೇ.

ಲಾರಾ ಇಂಗಲ್ಸ್ ವೈಲ್ಡರ್ 1935ರಲ್ಲಿ ಪ್ರಕಟಿಸಿದ ‘ಲಿಟ್ಲ್ ಹೌಸ್ ಆನ್ ದ ಪ್ರೇರಿ’ಯಲ್ಲಿ ಈ ಜ್ವರಕ್ಕೇ ಒಂದು ಅಧ್ಯಾಯವಿದೆ. ಕಾನ್ಸಾಸ್‌ನ ಬಯಲು. ಮರದ ದಿಮ್ಮಿ ಜೋಡಿಸಿ ಕಟ್ಟಿದ ಮನೆ. ಹಳ್ಳದ ಕಡೆಯಿಂದ ಸಂಜೆಯಾದರೆ ಸೊಳ್ಳೆಗಳ ಮೋಡ. ಒಂದು ದಿನ ಇಡೀ ಮನೆ ಒಟ್ಟಿಗೆ ಮಲಗಿಬಿಡುತ್ತದೆ. ಅಪ್ಪ, ಅಮ್ಮ, ಅಕ್ಕ ಎಲ್ಲರೂ. ಬಾಯಾರಿ ನರಳುವ ಅಕ್ಕನಿಗಾಗಿ ಪುಟ್ಟ ಲಾರಾ ನೆಲದ ಮೇಲೆ ತೆವಳಿಕೊಂಡು ಹೋಗಿ ನೀರು ತರುತ್ತಾಳೆ. ಆ ದಾರಿಯಲ್ಲಿ ಹೋಗುತ್ತಿದ್ದ ಕರಿಯ ವೈದ್ಯ ಟ್ಯಾನ್ ಅಕಸ್ಮಾತ್ತಾಗಿ ಒಳಗೆ ಬಂದು ಕಹಿ ಪುಡಿ ಕುಡಿಸದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗುಣವಾದ ಮೇಲೆ ನೆರೆಮನೆಯಾಕೆ ಕಾರಣ ವಿವರಿಸುತ್ತಾಳೆ: ಹಳ್ಳದ ಬಯಲಿನಲ್ಲಿ ಬೆಳೆದ ಕಲ್ಲಂಗಡಿ ತಿಂದವರಿಗೆಲ್ಲ ಹೀಗಾಗಿದೆ! ಅಪ್ಪನಿಗೆ ನಂಬಿಕೆ ಬರುವುದಿಲ್ಲ. ಹೋಗಿ ಒಂದು ದೊಡ್ಡ ಕಲ್ಲಂಗಡಿಯನ್ನೇ ಹೊತ್ತು ತರುತ್ತಾನೆ. ಅಮ್ಮ ತಾನೂ ಮುಟ್ಟುವುದಿಲ್ಲ, ಮಕ್ಕಳಿಗೂ ಮುಟ್ಟಲು ಬಿಡುವುದಿಲ್ಲ. ಅಪ್ಪ ಒಬ್ಬನೇ ಕೂತು ಚಪ್ಪರಿಸುತ್ತಾನೆ. ಸೊಳ್ಳೆಗಳು ಅಲ್ಲೇ ಗುಂಯ್‌ಗುಡುತ್ತಿರುತ್ತವೆ. 1870ರ ಆಸುಪಾಸು ಅದು. ಸೊಳ್ಳೆಯ ಮೇಲೆ ಗುಮಾನಿ ಬರಲು ಇನ್ನೂ ಕಾಲವಿತ್ತು.

ಆ ಮನೆ ನಿಂತಿದ್ದ ನೆಲ ಓಸೇಜ್ ಎಂಬ ಮೂಲನಿವಾಸಿ ಜನರದು. ಇಂಗಲ್ಸ್ ಕುಟುಂಬ ಅಲ್ಲಿ ಬೇರೂರಿದ್ದು ಕಾನೂನು ಮೀರಿಯೇ. ಅದನ್ನೂ ನೆನಪಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಈಗ ಪದದ ಹುಟ್ಟಿಗೆ ಬರೋಣ. ಲ್ಯಾಟಿನಿನಲ್ಲಿ ವೈದ್ಯರು ‘ಫೆಬ್ರಿಸ್ ಅಕ್ಯೂಟಾ’ ಎನ್ನುತ್ತಿದ್ದರು, ತೀಕ್ಷ್ಣ ಜ್ವರ ಎಂದು ಅರ್ಥ. ಫ್ರೆಂಚರ ಬಾಯಲ್ಲಿ ‘ಅಕ್ಯೂಟಾ’ ಸವೆದು ‘ಆಗ್ಯೂ’ ಆಯಿತು. ಇಂಗ್ಲಿಷಿಗೆ ಬರುವ ಹೊತ್ತಿಗೆ ಜ್ವರ ಎಂಬ ನಾಮಪದ ಬಿದ್ದುಹೋಗಿ ವಿಶೇಷಣ ಮಾತ್ರ ಉಳಿಯಿತು. ‘ಸಿಹಿ ತಗೊಳ್ಳಿ’ ಅಂದರೆ ಸಿಹಿತಿಂಡಿ ತಗೊಳ್ಳಿ ಎಂದಾದಂತೆ, ‘ತೀಕ್ಷ್ಣ’ ಬಂದಿದೆ ಅಂದರೆ ಜ್ವರ ಬಂದಿದೆ ಎಂದಾಯಿತು. ಲ್ಯಾಟಿನಿನ ಸೂಜಿ, ಹುಳಿ, ಅಲಗು ಎಲ್ಲವೂ ಇದೇ ಬೇರಿನ ಮಕ್ಕಳು. ಚೂಪು ಅನ್ನುವುದು ಆ ಬೇರಿನ ಅರ್ಥ. ಸಂಸ್ಕೃತಕ್ಕೆ ಬಂದ ಅದರ ಕವಲು ‘ಅಶ್ರಿ’, ಅಂದರೆ ಅಂಚು, ಮೂಲೆ. ನಾಲ್ಕು ಮೂಲೆಯದು ಚತುರಶ್ರ, ಮೂರು ಮೂಲೆಯದು ತ್ರ್ಯಶ್ರ. ಮೃದಂಗ ಕಲಿಯುವ ಹುಡುಗರು ದಿನಾ ತೊಡೆ ತಟ್ಟಿ ಎಣಿಸುವ ಚತುರಶ್ರ, ತಿಶ್ರ ಜಾತಿಗಳು ಇವೇ. ಅಮೆರಿಕದ ಜೌಗಿನಲ್ಲಿ ಹಲ್ಲು ಕಟಕಟಿಸುತ್ತಿದ್ದ ರೈತನ ಜ್ವರದ ಹೆಸರಿಗೂ ನಮ್ಮ ತಾಳದ ಹೆಸರಿಗೂ ಎಲ್ಲೋ ಬಹಳ ಹಿಂದೆ ಒಂದೇ ಅಜ್ಜಿ. ಇದು ಸದ್ದಿನ ಬೀಗತನವಲ್ಲ, ನಿಜವಾದ ನೆಂಟಸ್ತಿಕೆ. ತಮಾಷೆ ಏನೆಂದರೆ, ಆ ಜ್ವರವೂ ತಾಳ ತಪ್ಪದೆ ಬರುವಂಥದು.

ಇಂಗ್ಲಿಷಿನಲ್ಲಿ ಈ ಪದ ಆಡಿದ ಹಳಬರಲ್ಲಿ ಒಬ್ಬಳು ಹೇಂಟೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ಕ್ಯಾಂಟರ್‌ಬರಿ ಕಥೆಗಳಲ್ಲಿ, ಕೆಟ್ಟ ಕನಸು ಕಂಡು ಕಂಗಾಲಾದ ಹುಂಜಕ್ಕೆ ಅದರ ಹೆಂಡತಿ ಬುದ್ಧಿ ಹೇಳುತ್ತದೆ: ಹೊಟ್ಟೆ ಶುದ್ಧಿ ಮಾಡಿಕೋ, ಇಲ್ಲದಿದ್ದರೆ ದಿನಬಿಟ್ಟು ದಿನದ ಜ್ವರವೋ ಏಗ್ಯೂನೋ ಬಂದು ಸಾಯುತ್ತೀಯ. ಇಲ್ಲಿ ಎರಡೂ ಬೇರೆ ಬೇರೆ. ಏಗ್ಯೂ ಅಂದರೆ ಇನ್ನೂ ಸುಡುವ ತೀಕ್ಷ್ಣ ಜ್ವರವೇ. 1611ರ ಇಂಗ್ಲಿಷ್ ಬೈಬಲಿನ ಯಾಜಕಕಾಂಡದಲ್ಲೂ ಮಾತು ಕೇಳದವರಿಗೆ ದೇವರು ಕಳಿಸುವುದು ‘ಉರಿಯುವ’ ಏಗ್ಯೂ. ಅಷ್ಟರೊಳಗೆ ಬೀದಿಯಲ್ಲಿ ಅರ್ಥ ಜಾರಲು ಶುರುವಾಗಿತ್ತು. ಉರಿಗಿಂತ ಮೊದಲು ಬರುವ ಚಳಿಯೇ, ಆ ನಡುಕವೇ ಜನರಿಗೆ ಏಗ್ಯೂ ಎನಿಸತೊಡಗಿತು. ಷೇಕ್ಸ್‌ಪಿಯರನ ‘ವೆನಿಸಿನ ವ್ಯಾಪಾರಿ’ಯ ಮೊದಲ ದೃಶ್ಯದಲ್ಲಿ ಗೆಳೆಯನೊಬ್ಬ ಹೇಳುತ್ತಾನೆ: ಸಮುದ್ರದ ಮೇಲೆ ಅಷ್ಟು ಸರಕು ಬಿಟ್ಟು ಕೂತಿದ್ದರೆ, ಬಿಸಿ ಗಂಜಿ ಆರಿಸಲು ಉಫ್ ಎಂದು ಊದಿದರೂ ನನಗೆ ಬಿರುಗಾಳಿ ನೆನಪಾಗಿ ಏಗ್ಯೂ ಬಂದೀತು. ನಾವೂ ಹೀಗೇ ಅಲ್ಲವೆ? ‘ಲೆಕ್ಕದ ಪರೀಕ್ಷೆ ಅಂದರೆ ಅವನಿಗೆ ಚಳಿಜ್ವರ’ ಅನ್ನುತ್ತೇವೆ. ‘ಚಳಿ ಬಿಡಿಸ್ತೀನಿ’ ಎಂದು ಗದರಿಸುತ್ತೇವೆ. ಹಿಂಜರಿಕೆ ಕಳಚಿ ಕೆಲಸಕ್ಕೆ ನುಗ್ಗುವವನನ್ನು ‘ಮೈಚಳಿ ಬಿಟ್ಟು ನಿಂತ’ ಅನ್ನುತ್ತೇವೆ. ಭಯಕ್ಕೂ ಚಳಿಗೂ ಮೈಯ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಏಗ್ಯೂ ಅಂದರೆ ಬಿಟ್ಟು ಬಿಟ್ಟು ಬರುವ, ಚಳಿಯ ಹಿಂದೆ ಸೆಕೆ ಬರುವ ಜ್ವರ ಎಂದು ಬರೆದ. ಅಲ್ಲಿಗೆ ಮೂಲಾರ್ಥ ಪೂರ್ತಿ ತಲೆಕೆಳಗಾಯಿತು. ತೀಕ್ಷ್ಣವಾಗಿ ಬಂದು ಹೋಗುವುದಕ್ಕೆ ಇಟ್ಟ ಹೆಸರು ವರ್ಷಗಟ್ಟಲೆ ಬಿಡದೆ ಕಾಡುವುದರ ಹೆಸರಾಗಿ ಕೂತಿತು.

ಇಂಗ್ಲೆಂಡಿನಲ್ಲಿ ಏಗ್ಯೂನ ತವರು ಎಸೆಕ್ಸ್, ಕೆಂಟ್‌ಗಳ ಕರಾವಳಿಯ ಜೌಗು ಮತ್ತು ಫೆನ್ಸ್ ಎಂಬ ತಗ್ಗುನಾಡು. ಡೇನಿಯಲ್ ಡಿಫೋ 1720ರ ದಶಕದಲ್ಲಿ ಊರೂರು ಸುತ್ತಿ ಬರೆದ ಪ್ರವಾಸಕಥನದಲ್ಲಿ ಎಸೆಕ್ಸ್ ಜೌಗಿನ ಗಂಡಸರ ವಿಚಾರ ಬರುತ್ತದೆ. ಒಬ್ಬೊಬ್ಬರಿಗೆ ಐದಾರರಿಂದ ಹದಿನಾಲ್ಕು ಹದಿನೈದು ಮದುವೆ! ಒಬ್ಬ ರೈತ ಇಪ್ಪತ್ತೈದನೆಯ ಹೆಂಡತಿಯ ಜೊತೆ ಸಂಸಾರ ಮಾಡುತ್ತಿದ್ದನಂತೆ. ಗಂಡಸರು ಹುಟ್ಟಿನಿಂದ ಆ ಮಂಜು, ಆ ತೇವಕ್ಕೆ ಒಗ್ಗಿದವರು. ಹೆಂಡಿರನ್ನು ತರುತ್ತಿದ್ದುದು ಮೇಲಿನ ಒಣನಾಡಿನಿಂದ. ಬಂದ ಹುಡುಗಿ ಒಂದೆರಡು ಏಗ್ಯೂ ಕಂಡು, ಬಣ್ಣಗೆಟ್ಟು, ವರ್ಷದೊಳಗೆ ಸಾಯುತ್ತಿದ್ದಳು. ಡಿಫೋ ಇದನ್ನು ನಗುನಗುತ್ತ ಹೇಳುತ್ತಾನೆ, ಲೆಕ್ಕ ಕೊಟ್ಟವನು ಸ್ವಲ್ಪ ಬುರುಡೆ ಬಿಟ್ಟಿರಬಹುದು ಎಂದೂ ಸೇರಿಸುತ್ತಾನೆ. ಆ ಇಪ್ಪತ್ತೈದು ಹೆಂಗಸರ ಕಡೆಯಿಂದ ಯಾರಾದರೂ ಬರೆದಿದ್ದರೆ ಓದಲು ಬೇರೆಯೇ ಇರುತ್ತಿತ್ತು.

‘ಒಗ್ಗುವುದು’ ಎಂಬ ಈ ಮಾತೇ ಜ್ವರದ ಜೊತೆ ಹಡಗು ಹತ್ತಿ ಅಟ್ಲಾಂಟಿಕ್ ದಾಟಿತು. 1607ರಲ್ಲಿ ಜೇಮ್ಸ್‌ಟೌನ್ ಕಟ್ಟಿದ ಮೇಲೆ ವರ್ಜೀನಿಯಾಕ್ಕೆ ಬಂದಿಳಿದ ಹೊಸಬರು ಮೊದಲ ಬೇಸಿಗೆಯಲ್ಲೇ ಹಾಸಿಗೆ ಹಿಡಿಯುತ್ತಿದ್ದರು. ಆ ಮೊದಲ ಕಾಯಿಲೆಗೆ ಅಲ್ಲಿನವರು ‘ಸೀಸನಿಂಗ್’ ಎಂದರು. ಹಸಿ ಮರ ಬಿಸಿಲು ಮಳೆ ಕುಡಿದು ಹದವಾಗುವುದಕ್ಕೆ ಹೇಳುವ ಮಾತದು. ಹದವಾದವನು ಬದುಕುತ್ತಾನೆ, ಸೀಳಿದವನು ಹೋಗುತ್ತಾನೆ. ‘ಈ ಊರಿನ ನೀರು ಒಗ್ಗಲಿಲ್ಲ’ ಎಂದು ನಾವು ಮೆಲ್ಲಗೆ ಹೇಳುವುದನ್ನು ಅವರು ಬಡಗಿಯ ಭಾಷೆಯಲ್ಲಿ ಹೇಳಿದರು. ಅಂದ ಹಾಗೆ, ಇವರನ್ನು ಕರೆಯುವ ‘ಪಯನಿಯರ್’ ಎಂಬ ಪದ ಮೊದಲು ಹಳೆಯ ಫ್ರೆಂಚಿನಲ್ಲಿ ಕಾಲಾಳು ಸೈನಿಕನನ್ನು ಸೂಚಿಸುತ್ತಿತ್ತು. ಮುಂದೆ ಹೋಗಿ ದಾರಿ ಕಡಿಯುವವನು ಎಂಬ ಅರ್ಥ ಆಮೇಲಿನದು. ಅದೇ ಬಳ್ಳಿಯ ಇನ್ನೊಂದು ಕಾಯಿ ನಮ್ಮ ಕಚೇರಿಗಳ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿರುವ ಪ್ಯೂನ್. ನಮ್ಮ ‘ಪದಾತಿ’ಯೂ ದೂರದ ದಾಯಾದಿ. ಕಾಲು ಸವೆಸುವವರೆಲ್ಲ ಒಂದೇ ವಂಶ.

ಈ ಕಾಲಾಳುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಒಹಾಯೊ, ಇಂಡಿಯಾನಾ, ಇಲಿನಾಯ್, ಮಿಷಿಗನ್‌ಗಳಿಗೆ ನುಗ್ಗಿದಾಗ ನೆಲೆ ಹುಡುಕಿದ್ದು ಹೊಳೆಯ ಬದಿಯಲ್ಲೇ. ನೀರು ಬೇಕು, ಸೌದೆ ಬೇಕು, ಸರಕು ಸಾಗಿಸಲು ದೋಣಿ ಬೇಕು. ಹಿಟ್ಟಿನ ಗಿರಣಿ ತಿರುಗಿಸಲು ಹಳ್ಳಕ್ಕೆ ಕಟ್ಟೆ ಹಾಕಿದರು. ಮರ ಕಡಿದಲ್ಲೆಲ್ಲ ಗುಂಡಿ ಬಿದ್ದು ಬಿಸಿಲಿಗೆ ನೀರು ಬೆಚ್ಚಗಾಯಿತು. ದಿಮ್ಮಿಗಳ ಸಂದಿಯಿಂದ ಬೆಳಕಿನ ಜೊತೆ ಸೊಳ್ಳೆಯೂ ಬಂತು. ಸೊಳ್ಳೆ ಅಲ್ಲಿ ಮೊದಲೇ ಇತ್ತು. ಹಡಗು ಹತ್ತಿ ಬಂದದ್ದು ರೋಗಾಣು, ಯುರೋಪಿನ ಜೌಗಿನಿಂದ ಬಂದವರ ಮತ್ತು ಆಫ್ರಿಕಾದಿಂದ ಸಂಕೋಲೆ ಹಾಕಿ ತಂದವರ ರಕ್ತದಲ್ಲಿ. ಅದು ಅವರಿಗೆ ಗೊತ್ತಿರಲಿಲ್ಲ. ಹೊಸ ನೆಲ ಉತ್ತಾಗ ಮಣ್ಣಿನೊಳಗಿಂದ ವಿಷದ ಹಬೆ ಏಳುತ್ತದೆ ಎಂದು ನಂಬಿದ್ದರು. ಉತ್ತ ವರ್ಷವೇ ಜ್ವರ ಬರುವುದನ್ನು ಕಣ್ಣಾರೆ ಕಂಡಿದ್ದರು ಕೂಡ. ಕಂಡದ್ದು ಸುಳ್ಳಲ್ಲ, ಕಟ್ಟಿದ ಕಾರಣ ಮಾತ್ರ ತಪ್ಪು. ಮಿಷಿಗನ್ ಎಂಬ ಹೆಸರಿನ ಅರ್ಥವೇ ಏಗ್ಯೂ, ಆ ಕಡೆ ತಲೆ ಹಾಕಬೇಡಿ ಎಂದು ಪೂರ್ವದ ಊರುಗಳಲ್ಲಿ ಜನ ಪದ್ಯ ಕಟ್ಟಿ ಗೇಲಿ ಮಾಡುತ್ತಿದ್ದರು. 1842ರಲ್ಲಿ ಅಮೆರಿಕ ನೋಡಿ ಬಂದ ಚಾರ್ಲ್ಸ್ ಡಿಕನ್ಸ್ ತನ್ನ ‘ಮಾರ್ಟಿನ್ ಚಜಲ್‌ವಿಟ್’ ಕಾದಂಬರಿಯಲ್ಲಿ ಅಂಥದೊಂದು ಕೆಸರಿನ ಊರನ್ನು ತಂದು ಅದಕ್ಕೆ ಈಡನ್ ಎಂದು ಹೆಸರಿಟ್ಟ. ಜಾಗ ಮಾರುವವರ ನಕಾಶೆಯಲ್ಲಿ ಅದು ಸ್ವರ್ಗ. ಹೋದ ನಾಯಕನಿಗೆ ಸಿಕ್ಕಿದ್ದು ಜ್ವರದ ಹಾಸಿಗೆ. ನಮ್ಮ ಊರಂಚಿನ ಬಡಾವಣೆಗಳ ಕರಪತ್ರ ಓದಿದವರಿಗೆ ಇದೇನೂ ಹೊಸದಲ್ಲ.

ಜ್ವರ ಬರುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಪದದ ಜೀವ ಇರುವುದು ಅಲ್ಲಿ. ಮೊದಲು ಆಕಳಿಕೆ. ಮೈ ಮುರಿಯಬೇಕು ಅನಿಸುತ್ತದೆ. ಉಗುರಿನ ಬುಡ ನೀಲಿಗಟ್ಟುತ್ತದೆ. ಬೆನ್ನಹುರಿಯ ಮೇಲೆ ಯಾರೋ ತಣ್ಣೀರು ಇಳಿಬಿಟ್ಟಂತೆ ಚಳಿ ಹೊರಡುತ್ತದೆ. ಹಲ್ಲು ಕಟಕಟ ಅನ್ನುತ್ತದೆ, ಮೊಣಕಾಲು ಮೊಣಕಾಲಿಗೆ ಬಡಿಯುತ್ತದೆ, ಮಂಚವೇ ನಡುಗುತ್ತದೆ. ಆಗಸ್ಟಿನ ಸುಡುಬಿಸಿಲಿನಲ್ಲಿ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಹೇರಿದರೂ ಚಳಿ ಬಿಡುವುದಿಲ್ಲ. ಒಂದು ಗಂಟೆ ಹೀಗೆ ಕುಣಿಸಿದ ಮೇಲೆ ಅದೇ ಮೈ ಕಾವಲಿಯಾಗುತ್ತದೆ, ತಲೆ ಸಿಡಿಯುತ್ತದೆ, ಎಷ್ಟು ನೀರು ಕುಡಿದರೂ ಸಾಲದು. ಕೊನೆಗೆ ಬೆವರು. ಹಾಸಿಗೆ ತೊಯ್ದು ತೊಪ್ಪೆ. ಬೆವರು ಬಿಟ್ಟ ಮೇಲೆ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಎದ್ದು ಕೂರುತ್ತಾರೆ. ಮರುದಿನ ಹಸಿವೂ ಆಗುತ್ತದೆ. ಅದರ ಮರುದಿನ, ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಮತ್ತೆ ಆಕಳಿಕೆ. ರಕ್ತದ ಕೆಂಪು ಕಣಗಳೊಳಗೆ ಬೆಳೆದ ಪರೋಪಜೀವಿಗಳು ನಲವತ್ತೆಂಟು ಗಂಟೆಗೊಮ್ಮೆ ಒಟ್ಟಿಗೇ ಕಣ ಒಡೆದು ಹೊರಬೀಳುವುದರಿಂದ ಈ ತಾಳ. ಕೆಲವು ಪಿತ್ತಜನಕಾಂಗದಲ್ಲಿ ಅವಿತು ನಿದ್ದೆ ಮಾಡುತ್ತವೆ, ತಿಂಗಳುಗಳು ಕಳೆದ ಮೇಲೆ ಏಳುತ್ತವೆ. ಚಳಿಗಾಲ ಬಂತು, ಪೀಡೆ ತೊಲಗಿತು ಅಂದುಕೊಂಡವನಿಗೆ ವಸಂತದಲ್ಲಿ ಮತ್ತೆ ಹಾಜರ್.

ಜನ ಈ ತಾಳಕ್ಕೆ ಬದುಕನ್ನೇ ಹೊಂದಿಸಿಕೊಂಡರು. ಆ ಕಾಲದವರ ನೆನಪುಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಊರಿನ ನ್ಯಾಯಾಧೀಶ ಕಕ್ಷಿಗಾರರ ನಡುಕದ ದಿನ ತಪ್ಪಿಸಿ ವಿಚಾರಣೆಯ ದಿನ ಗೊತ್ತು ಮಾಡುತ್ತಿದ್ದ. ಪಾದ್ರಿ ತನ್ನ ಸರದಿ ಎಣಿಸಿ ಪ್ರವಚನಕ್ಕೆ ಒಪ್ಪಿಕೊಳ್ಳುತ್ತಿದ್ದ. ಗೃಹಿಣಿ ಬಟ್ಟೆ ಒಗೆಯುವುದನ್ನು ಚಳಿ ಬರುವ ಹೊತ್ತಿನೊಳಗೆ ಮುಗಿಸಿಕೊಳ್ಳುತ್ತಿದ್ದಳು. ಹುಡುಗಿ ನೋಡಲು ಹೋಗುವ ಹುಡುಗ ಇಬ್ಬರ ಸರದಿಯನ್ನೂ ಲೆಕ್ಕ ಹಾಕಬೇಕಿತ್ತು. ಎಲ್ಲರಿಗೂ ಇರುವುದು ಕಾಯಿಲೆ ಹೇಗಾದೀತು? ಅವನಿಗೇನೂ ಕಾಯಿಲೆಯಿಲ್ಲ, ಬರೀ ಏಗ್ಯೂ ಅಷ್ಟೆ, ಎಂಬುದು ಆ ಸೀಮೆಯ ನಾಣ್ನುಡಿಯೇ ಆಯಿತು.

ಪದವೂ ಆ ನೆಲಕ್ಕೆ ಒಗ್ಗಿತು. ನಮ್ಮಲ್ಲಿ ‘ಜ್ವರ’ ಬಾಯಿಂದ ಬಾಯಿಗೆ ಬಂದು ‘ಜರ’ ಆದಂತೆ ಅಲ್ಲಿ ‘ಏಗ್ಯೂ’ ಹೋಗಿ ‘ಏಗರ್’ ಆಯಿತು. ಬಳಗವೂ ಬೆಳೆಯಿತು. ಕುಣಿಸುವುದು ‘ಷೇಕಿಂಗ್ ಏಗ್ಯೂ’. ನಡುಕವಿಲ್ಲದೆ ಬರೀ ನೋವು, ಸುಸ್ತು ತರುವುದು ‘ಡಂಬ್ ಏಗ್ಯೂ’, ಅಂದರೆ ಮೂಗ ಏಗ್ಯೂ. ಬೊಬ್ಬೆ ಹಾಕದ ಕಾರಣ ಅದು ಇನ್ನೂ ಕಳ್ಳ. ಸಾಸಾಫ್ರಸ್ ಮರಕ್ಕೆ ಏಗ್ಯೂಮರ ಎಂದರು, ಬೋನ್‌ಸೆಟ್ ಎಂಬ ಕಹಿ ಗಿಡಕ್ಕೆ ಏಗ್ಯೂಗಿಡ ಎಂದರು. ವರ್ಷಗಟ್ಟಲೆ ಜ್ವರ ತಿಂದವರ ಎಡಪಕ್ಕೆಯ ಕೆಳಗೆ ಗುಲ್ಮ ಊದಿ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಅದು ‘ಏಗ್ಯೂ ಕೇಕ್’. ಇದನ್ನು ಓದಿದಾಗ ನಾನು ಪುಸ್ತಕ ಮಡಚಿ ಸುಮ್ಮನೆ ಕೂತೆ. ನಮ್ಮ ಮಲೆನಾಡಿನ ಹಿರಿಯರು ಇದೇ ಊತಕ್ಕೆ ‘ಜ್ವರಗಡ್ಡೆ’ ಅನ್ನುತ್ತಿದ್ದರು. ತೆಳ್ಳಗಿನ ಕೈಕಾಲು, ಡೊಳ್ಳು ಹೊಟ್ಟೆಯ ಕೂಲಿಯಾಳುಗಳ ಮಕ್ಕಳನ್ನು ನೋಡಿ ಹೇಳುತ್ತಿದ್ದ ಮಾತು. ಅವರಿಗೆ ರೊಟ್ಟಿಯ ಹಾಗೆ ಕಂಡದ್ದು ನಮ್ಮವರಿಗೆ ಗೆಣಸಿನ ಹಾಗೆ ಕಂಡಿತು. ಬೆರಳು ಒತ್ತಿ ನೋಡಿದವರೇ ಹುಟ್ಟಿಸಬಲ್ಲ ಪದಗಳು ಇವು.

ನಡುಕ ಎಂದದ್ದೆಲ್ಲ ಏಗ್ಯೂ ಅಲ್ಲ, ಅದೂ ನಿಜ. ಹಸುಗಳು ನಡುಗಿ ಬೀಳುತ್ತಿದ್ದ, ಅವುಗಳ ಹಾಲು ಕುಡಿದವರು ವಾಂತಿ ಮಾಡಿಕೊಂಡು ಸಾಯುತ್ತಿದ್ದ ಬೇರೊಂದು ಕಾಯಿಲೆ ಅಲ್ಲಿ ಇತ್ತು. ಕಾಡಂಚಿನ ಬಿಳಿ ಹೂವಿನ ಒಂದು ಗಿಡ ಮೇಯ್ದ ಹಸುವಿನ ಹಾಲಿನ ವಿಷ ಅದು. 1818ರ ಅಕ್ಟೋಬರಿನಲ್ಲಿ ಇಂಡಿಯಾನಾದಲ್ಲಿ ಒಂಬತ್ತು ವರ್ಷದ ಅಬ್ರಹಾಂ ಲಿಂಕನ್ ತಾಯಿಯನ್ನು ಕಳೆದುಕೊಂಡದ್ದು ಇದರಿಂದಲೇ.

ಇನ್ನು ಓಸೇಜ್ ನೆಲದ ಮಾತು ಆಗಲೇ ಎತ್ತಿದ್ದೆನಲ್ಲ, ಅದೇ ಜಾಡಿನ ಕಥೆ. 1830ರಲ್ಲಿ ಪಶ್ಚಿಮ ಕರಾವಳಿಯ ಕೊಲಂಬಿಯಾ ನದಿಯ ದಡದಲ್ಲಿ, ಫೋರ್ಟ್ ವ್ಯಾಂಕೂವರ್ ಎಂಬ ವ್ಯಾಪಾರಿ ಕೋಟೆಯ ಸುತ್ತ ‘ಫೀವರ್ ಅಂಡ್ ಏಗ್ಯೂ’ ಕಾಣಿಸಿಕೊಂಡಿತು. ಕೋಟೆಯೊಳಗಿನ ಬಿಳಿಯರು ನಡುಗಿದರು, ಮಲಗಿದರು, ಬಹುತೇಕ ಎದ್ದರು. ಕೋಟೆಯ ಹೊರಗಿನ ಚಿನೂಕ್ ಜನ, ಪಕ್ಕದ ವಿಲಾಮೆಟ್ ಕಣಿವೆಯ ಕಲಪೂಯ ಜನ ಏಳಲಿಲ್ಲ. ಬೇಸಿಗೆ ಮರಳಿದಾಗೆಲ್ಲ ಜ್ವರವೂ ಮರಳಿತು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಮಂದಿ ಇಲ್ಲವಾದರು. ಊರುಗಳಲ್ಲಿ ಹೂಳುವವರೂ ಉಳಿಯಲಿಲ್ಲ. 1833ರಲ್ಲಿ ಅದೇ ಜ್ವರ ಕ್ಯಾಲಿಫೋರ್ನಿಯಾದ ನಡುಕಣಿವೆಗೂ ಇಳಿಯಿತು. ಹತ್ತು ವರ್ಷ ಕಳೆದು ಆರೆಗಾನ್ ಹಾದಿಯಲ್ಲಿ ಗಾಡಿ ಹೂಡಿಕೊಂಡು ಬಂದ ವಲಸಿಗರು ವಿಲಾಮೆಟ್ ಕಣಿವೆಯನ್ನು ನೋಡಿ, ದೇವರು ನಮಗಾಗಿಯೇ ಖಾಲಿ ಇಟ್ಟ ನೆಲ ಎಂದು ಹಿಗ್ಗಿದರು. ‘ಬರೀ ಏಗ್ಯೂ ಅಷ್ಟೆ’ ಎಂಬ ನಾಣ್ನುಡಿಯನ್ನು ಆ ದಡದಲ್ಲಿ ನಿಂತು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಮದ್ದಿನ ಕಥೆಗೆ ಒಂದು ಪುಸ್ತಕವೇ ಬೇಕು. 1681ರಲ್ಲಿ ಇಲಿಯಾಸ್ ಆಷ್ಮೋಲ್ ಎಂಬ ವಿದ್ವಾಂಸ ಮೂರು ಜೇಡಗಳನ್ನು ಕೊರಳಿಗೆ ಕಟ್ಟಿಕೊಂಡು ಏಗ್ಯೂ ಓಡಿಸಿದೆ ಎಂದು ದಿನಚರಿಯಲ್ಲಿ ಬರೆದು ದೇವರಿಗೆ ನಮಸ್ಕಾರ ಹೇಳಿದ್ದಾನೆ. ಆಕ್ಸ್‌ಫರ್ಡಿನ ಪ್ರಸಿದ್ಧ ವಸ್ತುಸಂಗ್ರಹಾಲಯ ಅವನ ಹೆಸರಿನದೇ. ಜೇಡ ನುಂಗುವುದು, ದಾರಕ್ಕೆ ಗಂಟು ಹಾಕಿ ಮರಕ್ಕೆ ಕಟ್ಟಿ ತಿರುಗಿ ನೋಡದೆ ಬರುವುದು, ಇವೆಲ್ಲ ಅಮೆರಿಕದ ಹಳ್ಳಿಗಳಲ್ಲೂ ನಡೆದವು. ವೈದ್ಯರು ಇದಕ್ಕಿಂತ ವಾಸಿ ಎನ್ನುವಂತಿರಲಿಲ್ಲ. ರಕ್ತ ಹರಿಸಿ, ಪಾದರಸದ ಕ್ಯಾಲೊಮೆಲ್ ತಿನ್ನಿಸಿ ಹಲ್ಲು ಉದುರಿಸುತ್ತಿದ್ದರು. ನಿಜವಾದ ಮದ್ದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಸಿಂಕೋನಾ ತೊಗಟೆ. 1820ರಲ್ಲಿ ಪ್ಯಾರಿಸ್ಸಿನ ಪೆಲ್ಟಿಯೆ ಮತ್ತು ಕವೆಂಟು ಅದರಿಂದ ಕ್ವಿನೈನ್ ಬೇರ್ಪಡಿಸಿದರು. ಅದನ್ನು ವಲಸಿಗರ ಬಾಯಿಗೆ ಮುಟ್ಟಿಸಿದವನು ಮಿಸೌರಿಯ ಆ್ಯರೋ ರಾಕ್ ಎಂಬ ಊರಿನ ಡಾ. ಜಾನ್ ಸ್ಯಾಪಿಂಗ್ಟನ್. 1832ರಿಂದ ಗುಳಿಗೆ ಮಾಡಿ, ಆಳುಗಳ ಮೂಲಕ ಊರೂರಿಗೆ ಮಾರಿದ. ರಕ್ತ ಹರಿಸುವುದು ಬೇಡ ಎಂದ. ಹಣ ಮಾಡಿದ್ದೂ ನಿಜ. ಆದರೆ 1844ರಲ್ಲಿ ಪುಸ್ತಕ ಬರೆದು ಗುಳಿಗೆಯ ಗುಟ್ಟನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಒಂದೊಂದರಲ್ಲೂ ಒಂದು ಗ್ರೇನ್ ಕ್ವಿನೈನ್, ಜೊತೆಗೆ ಒಂದಿಷ್ಟು ಜ್ಯೇಷ್ಠಮಧು ಮತ್ತಿತರ ಸುವಾಸನೆ. ಮದ್ದಿನ ಗುಟ್ಟನ್ನು ಮಗನಿಗೂ ಹೇಳದೆ ಸಾಯುವ ಪಂಡಿತರ ನಾಡಿನವನಾದ ನನಗೆ ಈ ಮನುಷ್ಯನ ಮೇಲೆ ವಿಶೇಷ ಗೌರವ. ಮುಂದೆ 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಅದೇ ಸಿಂಕೋನಾವನ್ನು ನೀಲಗಿರಿಗೆ ತಂದ. ದೊಡ್ಡಬೆಟ್ಟದ ಇಳಿಜಾರಿನಲ್ಲಿ ತೋಟ ಎದ್ದಿತು. ನಮ್ಮ ಅಜ್ಜಂದಿರು ಮುಖ ಸಿಂಡರಿಸಿಕೊಂಡು ನುಂಗಿದ ‘ಕೊಯಿನಾ’ದ ಹಿಂದೆ ಪೆರುವಿನ ಕೆಚುವಾ ಜನರ ನುಡಿ ಇದೆ. ತೊಗಟೆಗೆ ಅವರ ಮಾತು ‘ಕಿನಾ’.

ಏಗ್ಯೂ ಪದಕ್ಕೆ ಕುತ್ತು ತಂದದ್ದು ಔಷಧವಲ್ಲ, ಇಟಲಿಯ ಇನ್ನೊಂದು ಪದ. ‘ಮಾಲ್ ಆರಿಯಾ’, ಕೆಟ್ಟ ಗಾಳಿ. 1740ರಲ್ಲಿ ರೋಮಿನಿಂದ ಕಾಗದ ಬರೆದ ಹೊರೇಸ್ ವಾಲ್‌ಪೋಲ್, ಇಲ್ಲಿ ಪ್ರತಿ ಬೇಸಿಗೆ ಹೀಗೊಂದು ಭಯಂಕರ ವಸ್ತು ಬಂದು ಜನರನ್ನು ಕೊಲ್ಲುತ್ತದೆ ಎಂದು ತಿಳಿಸಿದ. 1827ರಲ್ಲಿ ಜಾನ್ ಮೆಕಲಕ್ ಆ ಹೆಸರಿನಲ್ಲೇ ಪುಸ್ತಕ ಬರೆದು ಅದನ್ನು ಇಂಗ್ಲಿಷರ ನಾಲಿಗೆಗೆ ಹತ್ತಿಸಿದ. ಮೊದಲು ಅದು ಗಾಳಿಯ ಹೆಸರು, ಆಮೇಲೆ ಗಾಳಿ ತಂದ ಜ್ವರದ ಹೆಸರು. ಸ್ವಲ್ಪ ಕಾಲ ಎರಡು ಪದಗಳೂ ಒಂದೇ ಮನೆಯಲ್ಲಿದ್ದವು. ಲೋವೆಲ್ ಊರಿನ ಏಯರ್ ಕಂಪನಿಯ ‘ಏಗ್ಯೂ ಕ್ಯೂರ್’ ಎಂಬ ಸೀಸೆಮದ್ದಿನ ಜಾಹೀರಾತು ಕಾರ್ಡಿನಲ್ಲಿ ಜೌಗು, ಕಪ್ಪೆ, ಮೊಸಳೆಯ ಚಿತ್ರ ಇದೆ. ಮದ್ದಿನ ಹೆಸರಲ್ಲಿ ಏಗ್ಯೂ ಇದೆ, ಭರವಸೆ ಕೊಟ್ಟಿರುವುದು ಮಲೇರಿಯಾದ ಎಲ್ಲ ತೊಂದರೆಗಳಿಗೆ. ಹಳ್ಳಿಯವನಿಗೆ ಒಂದು, ಪಟ್ಟಣದವನಿಗೆ ಒಂದು. ಆಮೇಲೆ ವಿಜ್ಞಾನ ಬಂತು. 1880ರ ನವೆಂಬರಿನಲ್ಲಿ ಅಲ್ಜೀರಿಯಾದಲ್ಲಿ ಲಾವರಾನ್ ರೋಗಿಯ ರಕ್ತದಲ್ಲಿ ಪರೋಪಜೀವಿಯನ್ನು ಕಂಡ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ರೊನಾಲ್ಡ್ ರಾಸ್ ತನ್ನ ಬಂಗಲೆಯ ಕಿಟಕಿ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು ನೀರು ಚೆಲ್ಲಿಸಿ, ಕಾಟ ಕಡಿಮೆಯಾದದ್ದನ್ನು ಗಮನಿಸಿದ. ಆಗ ಅವನಿಗೆ ನಿದ್ದೆಯ ಚಿಂತೆ ಮಾತ್ರ, ಜ್ವರದ್ದಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಆ ಪರೋಪಜೀವಿಯನ್ನು ಹಿಡಿದ. 1902ರಲ್ಲಿ ನೊಬೆಲ್ ಬಂತು. ಗಾಳಿಗೆ ಕ್ಲೀನ್ ಚಿಟ್ ಸಿಕ್ಕಿತು.

ನನಗೆ ಬಗೆಹರಿಯದ ಸಿಟ್ಟು ಇಲ್ಲಿದೆ. ಗಾಳಿ ನಿರಪರಾಧಿ ಎಂದು ಸಾಬೀತಾದ ಕ್ಷಣದಲ್ಲಿ ‘ಕೆಟ್ಟ ಗಾಳಿ’ ಎಂಬ ಹೆಸರು ಬೀಳಬೇಕಿತ್ತು. ಬೀಳಲಿಲ್ಲ. ಬಿದ್ದದ್ದು ಏಗ್ಯೂ. ಮೈಗೆ ಆದದ್ದನ್ನು ಹೇಳುವ, ಯಾರ ಮೇಲೂ ತಪ್ಪು ಹೊರಿಸದ ಪದ ಹೋಯಿತು. ತಪ್ಪು ಕಾರಣವನ್ನು ಹಣೆಯ ಮೇಲೆ ಬರೆದುಕೊಂಡ ಪದ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ರಾಜ್ಯವಾಳುತ್ತಿದೆ. ಜೌಗು ಬತ್ತಿಸಿ, ಕಿಟಕಿಗೆ ಜಾಲರಿ ಹೊಡೆದು, ಡಿಡಿಟಿ ಸುರಿದು ಅಮೆರಿಕ 1951ರ ಹೊತ್ತಿಗೆ ಜ್ವರದಿಂದ ಪಾರಾಯಿತು. ಅದಕ್ಕೆ ಬಹಳ ಮೊದಲೇ ಜನ ಏಗರ್ ಅನ್ನುವುದನ್ನು ಬಿಟ್ಟಿದ್ದರು.

ನಮ್ಮಲ್ಲೂ ಪದಗಳು ಕಡಿಮೆ ಆಟವಾಡಿಲ್ಲ. ಅಥರ್ವವೇದದ ಐದನೆಯ ಕಾಂಡದ ಋಷಿ ‘ತಕ್ಮನ್’ ಎಂಬ ಜ್ವರವನ್ನು ಹೆಸರು ಹಿಡಿದು ಕರೆದು, ಗಾಂಧಾರಕ್ಕೆ ಹೋಗು, ಅಂಗಕ್ಕೆ ಹೋಗು, ಮಗಧಕ್ಕೆ ಹೋಗು ಎಂದು ಅಟ್ಟುತ್ತಾನೆ. ಆಗದವರ ಊರಿಗೆ ಕಾಯಿಲೆ ಕಳಿಸುವ ಬುದ್ಧಿ ಅಷ್ಟು ಹಳೆಯದು. ಅಲ್ಲೇ ‘ತೃತೀಯಕ’ ಎಂಬ ಮಾತೂ ಬರುತ್ತದೆ. ಚರಕಸಂಹಿತೆ ಇದನ್ನು ವಿಷಮಜ್ವರದ ಬಗೆಗಳಲ್ಲಿ ಸೇರಿಸಿತು. ಒಂದು ದಿನ ಬಿಟ್ಟು ಬಂದರೆ ತೃತೀಯಕ, ಎರಡು ದಿನ ಬಿಟ್ಟರೆ ಚತುರ್ಥಕ. ಜ್ವರ ಬಂದ ದಿನವನ್ನೂ ಸೇರಿಸಿ ಎಣಿಸುವುದರಿಂದ ಈ ಲೆಕ್ಕ. ರೋಮನರೂ ಹೀಗೇ ಎಣಿಸಿದರು. ಚಾಸರನ ಹೇಂಟೆ ಹೇಳಿದ್ದೂ ಈ ಮೂರನೇ ದಿನದ ಜ್ವರವನ್ನೇ. ಇಷ್ಟು ಅಚ್ಚುಕಟ್ಟಾಗಿದ್ದ ‘ವಿಷಮ’ ನಮ್ಮ ಕಾಲದ ಕನ್ನಡದಲ್ಲಿ ಮನೆ ಬದಲಿಸಿತು. ಇವತ್ತು ಪಠ್ಯಪುಸ್ತಕದಲ್ಲಿ ವಿಷಮಶೀತಜ್ವರ ಅಂದರೆ ಟೈಫಾಯ್ಡ್. ಅದರಲ್ಲಿ ಬಿಟ್ಟು ಬಿಟ್ಟು ಬರುವ ವಿಷಮವೂ ಇಲ್ಲ, ನಡುಗಿಸುವ ಶೀತವೂ ಹೆಚ್ಚಿಲ್ಲ. ಯಾರು ಯಾವಾಗ ಯಾಕೆ ಹಾಗೆ ಮಾಡಿದರೋ ಮಾಡಿದರು, ಪದ ಮಾತ್ರ ಅಲ್ಲಿ ಬಾಡಿಗೆಗೆ ಕೂತುಬಿಟ್ಟಿದೆ. ಹೀಗೆ ಮೂಲದ ಮನೆಯಲ್ಲೇ ಉಳಿದದ್ದು ‘ಚಳಿಜ್ವರ’ ಒಂದೇ.

ಕೊಪ್ಪದ ಕಡೆಯ ನಮ್ಮ ಅಜ್ಜಿ ಆ ಪದವನ್ನು ಬಿಟ್ಟು ಬೇರೆ ಆಡಿದ್ದನ್ನು ಮನೆಯಲ್ಲಿ ಯಾರೂ ಕೇಳಿಲ್ಲ. ಸರದಿಯ ದಿನ ಬೆಳಕು ಹರಿಯುವ ಮೊದಲೇ ಎದ್ದು ದೋಸೆಗೆ ರುಬ್ಬಿಟ್ಟು, ದನಕ್ಕೆ ಅಕ್ಕಚ್ಚು ಇಟ್ಟು, ಮಧ್ಯಾಹ್ನದ ಹೊತ್ತಿಗೆ ಕಂಬಳಿ ತಂದು ಒಲೆಯ ಪಕ್ಕ ಹಾಸಿಕೊಳ್ಳುತ್ತಿದ್ದಳಂತೆ, ನೆಂಟರಿಗೆ ಜಾಗ ಮಾಡುವ ಹಾಗೆ. ಡಿಡಿಟಿ ಹೊಡೆಯುವವರು ಊರಿಗೆ ಬಂದ ವರ್ಷ ಒಬ್ಬ ಹುಡುಗ ಗೋಡೆಯ ಮೇಲೆ ತಾರೀಕು ಬರೆದು, ಪುಸ್ತಕ ತೆರೆದು ಕೇಳಿದ.

‘ಅಮ್ಮಾ, ಮನೇಲಿ ಯಾರಿಗಾದ್ರೂ ಮಲೇರಿಯಾ ಉಂಟಾ?’

‘ಇಲ್ಲಪ್ಪ, ಆ ಥರದ್ದೆಲ್ಲ ಕಾಯಿಲೆ ನಮ್ಮನೇಲಿ ಯಾರಿಗೂ ಇಲ್ಲ’ ಎಂದಳಂತೆ ಅಜ್ಜಿ. ‘ದಿನಬಿಟ್ಟು ದಿನ ಚಳಿಜ್ವರ ಬರ್ತದೆ, ಅಷ್ಟೆ.’